ಮುಚ್ಚಳ ಮುಚ್ಚಿದರೂ ಮಲಗದ ಲ್ಯಾಪ್‌ಟಾಪ್

ಪ್ರಶ್ನೆ: ಸಿಂಧನೂರಿನ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಎರಡು ವರ್ಷದ ಹಿಂದೆ ಸಾಹುಕಾರರು ವಿಂಡೋಸ್ 11 ಇರುವ ಲ್ಯಾಪ್‌ಟಾಪ್ ಕೊಡಿಸಿದ್ದಾರೆ. ಸಂಜೆ ಏಳಕ್ಕೆ ಟ್ಯಾಲಿ, ಎಕ್ಸೆಲ್ ತೆರೆದಿರುವಂತೆಯೇ ಮುಚ್ಚಳ ಹಾಕಿ, ಬ್ಯಾಗಿನಲ್ಲಿಟ್ಟು ಮನೆಗೆ ಒಯ್ಯುತ್ತೇನೆ. ಆಗ ಚಾರ್ಜ್ ಶೇ 80ರಷ್ಟು ಇರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ತೆರೆದರೆ ಶೇ 10ಕ್ಕೆ ಇಳಿದಿರುತ್ತದೆ. ಕೆಲವು ದಿನ ಆನ್ ಆಗುವುದೇ ಇಲ್ಲ. ಬ್ಯಾಗಿನೊಳಗೆ ಕೈ ಹಾಕಿದರೆ ಒಮ್ಮೊಮ್ಮೆ ಬಿಸಿ ತಾಗುತ್ತದೆ. ಒಂದು ರಾತ್ರಿ ಅದರ ಫ್ಯಾನಿನ ಸದ್ದಿಗೆ ಮನೆಯವರೆಲ್ಲ ಎದ್ದು ಕೂತರು. ಅಂಗಡಿಯವರು ಬ್ಯಾಟರಿ ಹೋಗಿದೆ, ಬದಲಿಸಿ ಎನ್ನುತ್ತಾರೆ. ದಿನಾ ಶಟ್‌ಡೌನ್ ಮಾಡಿದರೆ ಯಂತ್ರ ಬೇಗ ಹಾಳಾಗುತ್ತದೆ ಎಂದು ನಮ್ಮ ಭಾವ ಹೇಳುತ್ತಾರೆ. ಹೈಬರ್ನೇಟ್ ಮಾಡಿದರೆ ಒಳಗಿನ ಎಸ್‌ಎಸ್‌ಡಿ ಡಿಸ್ಕ್ ಸವೆಯುತ್ತದೆ ಎಂದು ಒಂದು ವಿಡಿಯೊದಲ್ಲಿ ನೋಡಿದೆ. ಯಾರ ಮಾತು ಕೇಳಲಿ ಸರ್? ಬ್ಯಾಟರಿಗೆ ಹಣ ಕೇಳಬೇಕೆಂದರೆ ಸಾಹುಕಾರರ ಮುಂದೆ ಸರಿಯಾದ ಕಾರಣ ಬೇಕು.

ಉತ್ತರ: ಸದ್ಯಕ್ಕೆ ಸಾಹುಕಾರರ ಹತ್ತಿರ ಹಣ ಕೇಳಬೇಡಿ. ಸವೆದ ಬ್ಯಾಟರಿ ಹಗಲಿನಲ್ಲೂ ಕೈಕೊಡುತ್ತದೆ: ಚಾರ್ಜರ್ ಕಿತ್ತ ಮುಕ್ಕಾಲು ಗಂಟೆಗೇ ಎಚ್ಚರಿಕೆ ಬರುತ್ತದೆ, ಶೇ 30 ತೋರಿಸುತ್ತಿರುವಾಗಲೇ ಯಂತ್ರ ದಿಢೀರನೆ ಆರುತ್ತದೆ. ನೀವು ಹಗಲಿನ ಬಗ್ಗೆ ಒಂದು ದೂರನ್ನೂ ಬರೆದಿಲ್ಲ. ನಿಮ್ಮ ದೂರೆಲ್ಲ ರಾತ್ರಿಯದು. ಬಿಸಿ ಬ್ಯಾಗು, ನಡುರಾತ್ರಿ ತಿರುಗುವ ಫ್ಯಾನು ಇವೆರಡೂ ಹೇಳುವುದು ಒಂದನ್ನೇ: ಮುಚ್ಚಳ ಮುಚ್ಚಿದ ಮೇಲೂ ನಿಮ್ಮ ಲ್ಯಾಪ್‌ಟಾಪ್ ಕೆಲಸ ಮಾಡುತ್ತಿದೆ.

ನೀವು ಲೆಕ್ಕದವರು, ಆದ್ದರಿಂದ ಲೆಕ್ಕದಲ್ಲೇ ನೋಡೋಣ. ಈ ದರ್ಜೆಯ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಸಾಮಾನ್ಯವಾಗಿ 45 ವ್ಯಾಟ್-ಅವರ್ ಆಸುಪಾಸಿನದು. ಶೇ 80ರಿಂದ 10ಕ್ಕೆ ಇಳಿಯಿತೆಂದರೆ ಅದರಲ್ಲಿ ಶೇ 70, ಅಂದರೆ 31.5 ವ್ಯಾಟ್-ಅವರ್ ಖರ್ಚಾಗಿದೆ. ಸಂಜೆ ಏಳರಿಂದ ಬೆಳಿಗ್ಗೆ ಒಂಬತ್ತಕ್ಕೆ 14 ಗಂಟೆ. ಭಾಗಿಸಿದರೆ ಸರಾಸರಿ 2.25 ವ್ಯಾಟ್. ನಿಜವಾಗಿ ಮಲಗಿದ ಲ್ಯಾಪ್‌ಟಾಪ್‌ಗೆ ಅರ್ಧ ವ್ಯಾಟ್ ಸಾಕು. ಇಡೀ ರಾತ್ರಿಗೆ ಶೇ 10ರಿಂದ 15 ಇಳಿದರೆ ತಕರಾರು ಮಾಡುವಂತಿಲ್ಲ. ಪರದೆ ಆರಿಸಿಕೊಂಡು ಸುಮ್ಮನೆ ಎಚ್ಚರವಿರುವ ಲ್ಯಾಪ್‌ಟಾಪ್ 3ರಿಂದ 6 ವ್ಯಾಟ್ ತಿನ್ನುತ್ತದೆ. ನಿಮ್ಮ ಸಂಖ್ಯೆ ಇವೆರಡರ ನಡುವೆ ಬಿದ್ದಿದೆ. ಅಂದರೆ ಅದು ರಾತ್ರಿಯಿಡೀ ಎಚ್ಚರವಿಲ್ಲ, ಆದರೆ ಮತ್ತೆ ಮತ್ತೆ ಏಳುತ್ತಿದೆ.

ಏಕೆ ಏಳುತ್ತದೆ ಎಂಬುದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಹಳೆಯ ಲ್ಯಾಪ್‌ಟಾಪ್‌ಗಳ ಸ್ಲೀಪ್‌ಗೆ, ಅಂದರೆ ನಿದ್ದೆಗೆ, ತಾಂತ್ರಿಕವಾಗಿ ಎಸ್3 ಎಂದು ಹೆಸರು. ಅದರಲ್ಲಿ ಪ್ರೊಸೆಸರ್, ಡಿಸ್ಕ್, ವೈಫೈ ಎಲ್ಲವೂ ಆಫ್. ತೆರೆದಿಟ್ಟ ಕೆಲಸವನ್ನು ಹಿಡಿದುಕೊಂಡ ರ‍್ಯಾಮ್‌ಗೆ ಮಾತ್ರ ಕರೆಂಟ್. ಮೊಬೈಲ್ ಬಂದ ಮೇಲೆ ಜನರ ನಿರೀಕ್ಷೆ ಬದಲಾಯಿತು. ಗುಂಡಿ ಒತ್ತಿದ ಕೂಡಲೇ ಪರದೆ ಬರಬೇಕು, ಮುಚ್ಚಿಟ್ಟಾಗಲೂ ಮೇಲ್ ಇಳಿಯುತ್ತಿರಬೇಕು. 2012ರಲ್ಲಿ ವಿಂಡೋಸ್ 8ರ ಜೊತೆ ಮೈಕ್ರೋಸಾಫ್ಟ್ ಕನೆಕ್ಟೆಡ್ ಸ್ಟ್ಯಾಂಡ್‌ಬೈ ತಂದಿತು. ವಿಂಡೋಸ್ 10ರಲ್ಲಿ ಅದೇ ಬೆಳೆದು ಮಾಡರ್ನ್ ಸ್ಟ್ಯಾಂಡ್‌ಬೈ ಆಯಿತು. 2020ರ ಆಸುಪಾಸಿನಿಂದ ಅನೇಕ ತಯಾರಕರು ಎಸ್3 ಅನ್ನು ಕೈಬಿಟ್ಟು ಇದೊಂದನ್ನೇ ಕೊಡುತ್ತಿದ್ದಾರೆ. ಇದರಲ್ಲಿ ಯಂತ್ರ ಪೂರ್ತಿ ನಿಲ್ಲುವುದಿಲ್ಲ, ಕಡಿಮೆ ವಿದ್ಯುತ್ತಿನಲ್ಲಿ ಕಾಯುತ್ತ ಕೂಡುತ್ತದೆ. ಕಣದಲ್ಲಿ ರಾಶಿ ಕಾಯುವವನ ನಿದ್ದೆ ಇದು. ಒಂದು ಎಲೆ ಸರಿದರೂ ಕಣ್ಣು ತೆರೆಯುತ್ತದೆ. ವಿನ್ಯಾಸದ ಪ್ರಕಾರ ಕ್ಷಣಕಾಲ ಎದ್ದು ಮತ್ತೆ ಮಲಗಬೇಕು. ಒಂದು ಡ್ರೈವರ್ (ಯಂತ್ರದ ಒಂದೊಂದು ಭಾಗವನ್ನು ನಡೆಸುವ ತಂತ್ರಾಂಶ) ಅಥವಾ ಒಂದು ಅಪ್‌ಡೇಟ್ ಹಟ ಹಿಡಿದರೆ ಮಲಗುವುದಿಲ್ಲ. ಹೊರಗಿನಿಂದ ನೋಡಿದರೆ ಇದಾವುದೂ ಗೊತ್ತಾಗುವುದಿಲ್ಲ, ಪರದೆ ಕಪ್ಪಗೇ ಇರುತ್ತದೆ.

ನಿಮ್ಮ ಯಂತ್ರದಲ್ಲಿ ಯಾವ ಬಗೆಯ ನಿದ್ದೆ ಇದೆ ಎಂದು ತಿಳಿಯಲು ಅಂಗಡಿಗೆ ಬರಬೇಕಿಲ್ಲ. ಫೋನಿನಲ್ಲಿ ಗಿರಾಕಿಗಳಿಗೆ ಹೇಳುವ ಹಾಗೆಯೇ ಬರೆಯುತ್ತೇನೆ. ಸ್ಟಾರ್ಟ್ ಗುಂಡಿ ಒತ್ತಿ ‘ಸಿಎಂಡಿ’ ಎಂಬ ಮೂರು ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಹೊಡೆಯಿರಿ. ಕಮಾಂಡ್ ಪ್ರಾಂಪ್ಟ್ ಬರುತ್ತದೆ. ಅದರ ಮೇಲೆ ಬಲ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಕಪ್ಪು ಕಿಟಕಿಯಲ್ಲಿ ‘ಪವರ್’ ಎಂಬ ಇಂಗ್ಲಿಷ್ ಪದ, ಅದಕ್ಕೆ ಅಂಟಿಸಿ ಸಿ, ಎಫ್, ಜಿ ಅಕ್ಷರಗಳು, ಒಂದು ಜಾಗ ಬಿಟ್ಟು ಓರೆಗೆರೆ (/), ಗೆರೆಗೆ ಅಂಟಿಸಿ ಎ ಅಕ್ಷರ. ಎಂಟರ್ ಒತ್ತಿದರೆ ಲಭ್ಯವಿರುವ ನಿದ್ದೆಗಳ ಪಟ್ಟಿ ಬರುತ್ತದೆ. ಅದರಲ್ಲಿ ಎಸ್3 ಕಂಡರೆ ಹಳೆಯ ಬಗೆ. ಎಸ್0 ಲೋ ಪವರ್ ಐಡಲ್ ಎಂದು ಕಂಡರೆ ಮಾಡರ್ನ್ ಸ್ಟ್ಯಾಂಡ್‌ಬೈ. ಎರಡು ವರ್ಷದ ಯಂತ್ರವಾದ್ದರಿಂದ ನಿಮ್ಮದು ಎರಡನೆಯದೇ ಇರಬೇಕು.

ಹಾಗಿದ್ದರೆ ಅದೇ ಕಿಟಕಿಯಲ್ಲಿ ಕೊನೆಯ ಎ ತೆಗೆದು, ಓರೆಗೆರೆಯ ನಂತರ ‘ಸ್ಲೀಪ್‌ಸ್ಟಡಿ’ ಎಂದು ಒಂದೇ ಪದವಾಗಿ ಹೊಡೆಯಿರಿ. ಕಳೆದ ಮೂರು ದಿನಗಳ ನಿದ್ದೆಯ ವರದಿಯೊಂದು ತಯಾರಾಗುತ್ತದೆ. ಕಡತ ಎಲ್ಲಿ ಉಳಿಯಿತು ಎಂಬುದನ್ನು ಪರದೆಯೇ ತೋರಿಸುತ್ತದೆ. ಬ್ರೌಸರ್‌ನಲ್ಲಿ ತೆರೆದರೆ ಯಾವ ದಿನ ಎಷ್ಟಕ್ಕೆ ಮಲಗಿತು, ಎಷ್ಟು ಹೊತ್ತು ಮಲಗಿತ್ತು, ಎಷ್ಟು ಚಾರ್ಜ್ ಇಳಿಯಿತು, ಆ ಅವಧಿಯಲ್ಲಿ ಶೇಕಡಾ ಎಷ್ಟು ಹೊತ್ತು ನಿಜಕ್ಕೂ ಕಡಿಮೆ ವಿದ್ಯುತ್ತಿನಲ್ಲಿತ್ತು ಎಂದೆಲ್ಲ ಸಾಲು ಸಾಲಾಗಿ ಇರುತ್ತದೆ. ಸಂಜೆ ಏಳರ ಸಾಲಿನ ಮೇಲೆ ಕ್ಲಿಕ್ ಮಾಡಿ ಕೆಳಗಿಳಿದರೆ ನಿದ್ದೆ ಕೆಡಿಸಿದವರ ಹೆಸರುಗಳು ಸಿಗುತ್ತವೆ. ವೈಫೈ ಕಾರ್ಡ್, ಯುಎಸ್‌ಬಿ ಕಂಟ್ರೋಲರ್, ಸೌಂಡ್ ಡ್ರೈವರ್, ವಿಂಡೋಸ್ ಅಪ್‌ಡೇಟ್ ಇವು ನನ್ನ ಮೇಜಿನ ಮೇಲೆ ಪದೇ ಪದೇ ಸಿಕ್ಕಿಬೀಳುವ ಹೆಸರುಗಳು. ಈ ವರದಿ ಹೇಗೆ ತೆಗೆಯುವುದೆಂದು ಗೊತ್ತಿರುವ ಅಂಗಡಿಯವರು ನಮ್ಮ ಭಾಗದಲ್ಲಿ ಕಡಿಮೆ. ಗೊತ್ತಿದ್ದವರಿಗೂ ಅದನ್ನು ಓದುವುದಕ್ಕಿಂತ ಬ್ಯಾಟರಿ ಮಾರುವುದರಲ್ಲಿ ಲಾಭ ಹೆಚ್ಚು. ಇದನ್ನು ಬರೆದದ್ದಕ್ಕೆ ನನ್ನ ವೃತ್ತಿಬಾಂಧವರು ಸಿಟ್ಟಾದರೆ ಆಗಲಿ.

ಹೆಸರು ಸಿಕ್ಕ ಮೇಲೆ ಅರ್ಧ ಕೆಲಸ ಮುಗಿದ ಹಾಗೆ. ವೈಫೈ ಅಥವಾ ಸೌಂಡ್ ಡ್ರೈವರ್ ಆಗಿದ್ದರೆ ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ತಾಣದಿಂದಲೇ, ನಿಮ್ಮ ಮಾದರಿಯ ಸಂಖ್ಯೆ ಹಾಕಿ ಹೊಸ ಡ್ರೈವರ್ ಮತ್ತು ಬಯಾಸ್ (ವಿಂಡೋಸ್‌ಗೂ ಮೊದಲು ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ) ಅಪ್‌ಡೇಟ್ ತೆಗೆದುಕೊಳ್ಳಿ. ಬಯಾಸ್ ಅಪ್‌ಡೇಟ್ ಮಾಡುವಾಗ ಕರೆಂಟ್ ಹೋದರೂ ನಡೆಯುವಂತೆ ಬ್ಯಾಟರಿ ತುಂಬಿರಬೇಕು, ಚಾರ್ಜರೂ ಸಿಕ್ಕಿಸಿರಬೇಕು. ನಡುವೆ ಆರಿದರೆ ಯಂತ್ರ ಏಳದೆ ಹೋಗಬಹುದು. ಯುಎಸ್‌ಬಿ ಎಂದು ಬಂದರೆ ಮೊದಲು ಪಕ್ಕದ ಕಿಂಡಿಗಳನ್ನು ನೋಡಿ. ವೈರ್‌ಲೆಸ್ ಮೌಸ್‌ನ ಉಗುರಿನಷ್ಟು ಚಿಕ್ಕ ರಿಸೀವರ್ ಅಲ್ಲೇ ಇರುತ್ತದೆ. ಮೌಸ್ ಅದೇ ಬ್ಯಾಗಿನಲ್ಲಿ, ಆಫ್ ಮಾಡದೆ. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಮೌಸ್ ಅಲುಗುತ್ತದೆ, ಲ್ಯಾಪ್‌ಟಾಪ್ ಕಣ್ಣು ಬಿಡುತ್ತದೆ. ಮೌಸ್‌ನ ಹೊಟ್ಟೆಯಲ್ಲಿರುವ ಸ್ವಿಚ್ ಆಫ್ ಮಾಡಿದರೆ ಅಲ್ಲಿಗೆ ಮುಗಿಯಿತು. ಬೇಕಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ, ಈ ಸಾಧನ ಕಂಪ್ಯೂಟರನ್ನು ಎಬ್ಬಿಸಬಹುದು ಎಂಬ ಗುರುತನ್ನು ತೆಗೆಯಿರಿ.

ಇನ್ನೊಂದು ಕಾರಣವನ್ನು ವರದಿ ಹೇಳುವುದಿಲ್ಲ. ಮುಚ್ಚಳ ಮುಚ್ಚಿದೆ ಎಂದು ಲ್ಯಾಪ್‌ಟಾಪ್‌ಗೆ ಗೊತ್ತಾಗುವುದು ಒಂದು ಪುಟ್ಟ ಅಯಸ್ಕಾಂತದಿಂದ. ಅದು ಪರದೆಯ ಅಂಚಿನೊಳಗಿರುತ್ತದೆ; ಅದನ್ನು ಗುರುತಿಸುವ ಹಾಲ್ ಸೆನ್ಸರ್ ಕೀಬೋರ್ಡಿನ ಬದಿಯಲ್ಲಿರುತ್ತದೆ. ಅಯಸ್ಕಾಂತದ ಬಟನ್ ಇರುವ ಬ್ಯಾಗು ಅಥವಾ ಫೋನ್ ಕವರ್ ಅದಕ್ಕೆ ಒತ್ತಿಕೊಂಡು ಕೂತರೆ ಸೆನ್ಸರ್‌ಗೆ ಗೊಂದಲವಾಗಬಹುದು. ಕೀಲು ಸಡಿಲಾಗಿ ಮುಚ್ಚಳ ಬೆರಳಿನಷ್ಟು ತೆರೆದುಕೊಂಡರೂ ಅಷ್ಟೇ. ಬ್ಯಾಗಿನಲ್ಲಿ ಇಡುವಾಗ ಇದನ್ನೊಮ್ಮೆ ನೋಡಿ.

ವಿಂಡೋಸ್ ಅಪ್‌ಡೇಟ್‌ನದು ಬೇರೆ ಕಥೆ. ಚಾರ್ಜರ್ ಸಿಕ್ಕಿಸಿದಾಗ ಮಲಗಿದರೆ ವಿಂಡೋಸ್ ಸ್ವಲ್ಪ ಧಾರಾಳಿಯಾಗುತ್ತದೆ. ನೆಟ್‌ವರ್ಕ್ ಬಿಟ್ಟುಕೊಡುವುದಿಲ್ಲ, ಅಪ್‌ಡೇಟ್ ಇಳಿಸಿಕೊಳ್ಳುತ್ತದೆ. ಬ್ಯಾಟರಿಯಲ್ಲಿ ಮಲಗಿದಾಗ ಬಿಗಿಯಾಗಿರುತ್ತದೆ. ಸಂಜೆ ಬಸ್ಸಿನ ಹೊತ್ತಾಯಿತೆಂದು ಮೊದಲು ಮುಚ್ಚಳ ಹಾಕಿ, ಆಮೇಲೆ ಚಾರ್ಜರ್ ಕೀಳುವ ಅಭ್ಯಾಸ ಬಹಳ ಜನರಿಗಿದೆ. ಕೆಲವು ಯಂತ್ರಗಳಲ್ಲಿ ಆ ಧಾರಾಳತನ ಬ್ಯಾಗಿನೊಳಗೂ ಮುಂದುವರಿಯುವುದನ್ನು ನೋಡಿದ್ದೇನೆ. ಕ್ರಮ ತಿರುಗಿಸಿ: ಮೊದಲು ಚಾರ್ಜರ್ ಕೀಳಿ, ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ಮುಚ್ಚಿ. ಖರ್ಚಿಲ್ಲದ ಉಪಾಯ. ಇದೊಂದರಿಂದಲೇ ಸರಿಹೋದ ಯಂತ್ರಗಳುಂಟು.

ಇಷ್ಟೆಲ್ಲ ಹುಡುಕಾಟ ನಿಮಗೆ ಬೇಡವೆಂದರೆ ಬೇಸರವಿಲ್ಲ. ಅದಕ್ಕಾಗಿಯೇ ಹೈಬರ್ನೇಟ್ ಇದೆ, ನಿಮ್ಮ ದಿನಚರಿಗೆ ನಾನು ಸೂಚಿಸುವುದೂ ಅದನ್ನೇ. ಹೈಬರ್ನೇಟ್‌ನಲ್ಲಿ ರ‍್ಯಾಮ್‌ನಲ್ಲಿರುವ ಕೆಲಸವೆಲ್ಲ ಡಿಸ್ಕ್‌ಗೆ ಬರೆದಾಗಿ, ಯಂತ್ರ ಪೂರ್ತಿ ಆಫ್ ಆಗುತ್ತದೆ. ಬೆಳಿಗ್ಗೆ ಟ್ಯಾಲಿ, ಎಕ್ಸೆಲ್ ಬಿಟ್ಟಲ್ಲೇ ತೆರೆದುಕೊಳ್ಳುತ್ತವೆ. ಸ್ಟಾರ್ಟ್ ಮೆನುವಿನಲ್ಲಿ ಈ ಆಯ್ಕೆ ಸಾಮಾನ್ಯವಾಗಿ ಕಾಣುವುದಿಲ್ಲ, ಬಚ್ಚಿಟ್ಟಿದ್ದಾರೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ. ಎಡಗಡೆ ಪವರ್ ಗುಂಡಿಯ ಬಗ್ಗೆ ಒಂದು ಸಾಲು, ಮುಚ್ಚಳದ ಬಗ್ಗೆ ಇನ್ನೊಂದು ಸಾಲು ಇರುತ್ತದೆ. ಮುಚ್ಚಳದ ಸಾಲು ಒತ್ತಿದರೆ ಎರಡು ಕಾಲಂ ಬರುತ್ತದೆ, ಬ್ಯಾಟರಿಯಲ್ಲಿದ್ದಾಗ ಒಂದು, ಚಾರ್ಜರ್ ಇದ್ದಾಗ ಒಂದು. ಬ್ಯಾಟರಿಯ ಕಾಲಂನಲ್ಲಿ ಹೈಬರ್ನೇಟ್, ಚಾರ್ಜರ್ ಕಾಲಂನಲ್ಲಿ ಸ್ಲೀಪ್ ಇಡಿ. ಪಟ್ಟಿಯಲ್ಲಿ ಹೈಬರ್ನೇಟ್ ಇಲ್ಲವೆಂದರೆ ಮೊದಲಿನ ಕಪ್ಪು ಕಿಟಕಿಯಲ್ಲಿ ಅದೇ ಪವರ್‌ಸಿಎಫ್‌ಜಿ, ಓರೆಗೆರೆ, ಎಚ್, ಜಾಗ ಬಿಟ್ಟು ‘ಆನ್’ ಎಂದು ಹೊಡೆಯಿರಿ, ಬರುತ್ತದೆ.

ಇದಕ್ಕೂ ತೊಡಕುಗಳಿವೆ. ಮುಚ್ಚಳ ಹಾಕಿದ ಕೂಡಲೇ ಯಂತ್ರ ಆಫ್ ಆಗುವುದಿಲ್ಲ, ಬರೆದು ಮುಗಿಸಲು ಹತ್ತಾರು ಸೆಕೆಂಡ್ ಬೇಕು. ದೀಪ ಪೂರ್ತಿ ಆರಿದ ಮೇಲೆ ಬ್ಯಾಗಿಗೆ ಹಾಕಿ. ಬೆಳಿಗ್ಗೆ ತೆರೆದುಕೊಳ್ಳುವುದೂ ಸ್ಲೀಪ್‌ಗಿಂತ ನಿಧಾನ. ಕೆಲವು ಯಂತ್ರಗಳಲ್ಲಿ ಹೈಬರ್ನೇಟ್‌ನಿಂದ ಎದ್ದ ಮೇಲೆ ವೈಫೈ ಕಾಣೆಯಾಗುತ್ತದೆ ಅಥವಾ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಪವರ್ ಗುಂಡಿ ಒತ್ತಿ ಹಿಡಿದು ಆಫ್ ಮಾಡಿದರೆ ಉಳಿಸದ ಕೆಲಸ ಹೋಯಿತೆಂದೇ ಲೆಕ್ಕ. ಹೀಗಾಗಿ ಮೊದಲ ಸಲ ಒಂದು ಭಾನುವಾರ ಪರೀಕ್ಷಿಸಿ, ಜಿಎಸ್‌ಟಿ ರಿಟರ್ನ್ ಕೊನೆಯ ದಿನದಂದಲ್ಲ. ಟ್ಯಾಲಿಯಲ್ಲಿ ಒಪ್ಪಿಗೆ ಕೊಟ್ಟ ವೋಚರ್ ಆಗಲೇ ಉಳಿದಿರುತ್ತದೆ, ಅರ್ಧ ತುಂಬಿದ್ದು ಮಾತ್ರ ಹೋಗುತ್ತದೆ. ಎಕ್ಸೆಲ್ ಅಷ್ಟು ಉದಾರಿಯಲ್ಲ, ಮುಚ್ಚುವ ಮುನ್ನ ಕಂಟ್ರೋಲ್ ಮತ್ತು ಎಸ್ ಒತ್ತಿ.

ಮಿಲ್‌ಗಳಿಗೆ ಹೋದಾಗ ನಾನು ಮೊದಲು ಕೇಳುವ ಪ್ರಶ್ನೆ ನಿಮಗೂ ಇದೆ: ಟ್ಯಾಲಿಯ ಡೇಟಾ ಎಲ್ಲಿದೆ? ಲಾರಿ ತೂಗುವ ವೇಬ್ರಿಜ್ ಕೋಣೆಯ ಕಂಪ್ಯೂಟರ್‌ನಲ್ಲಿದ್ದು ನೀವು ನೆಟ್‌ವರ್ಕ್ ಮೂಲಕ ತೆರೆಯುವುದಾದರೆ ಸ್ಲೀಪ್ ಆಗಲಿ ಹೈಬರ್ನೇಟ್ ಆಗಲಿ ಆ ಸಂಪರ್ಕ ಕಡಿಯುತ್ತದೆ. ಟ್ಯಾಲಿ ಮುಚ್ಚಿಯೇ ಲ್ಯಾಪ್‌ಟಾಪ್ ಮುಚ್ಚಬೇಕು. ಡೇಟಾ ನಿಮ್ಮ ಲ್ಯಾಪ್‌ಟಾಪ್‌ನಲ್ಲಿದ್ದು ಇತರರು ಅದಕ್ಕೆ ಜೋಡಿಸಿಕೊಂಡಿದ್ದರೆ ಅದಕ್ಕಿಂತ ಸೂಕ್ಷ್ಮ. ಸುಗ್ಗಿಯಲ್ಲಿ ಭತ್ತದ ಲಾರಿಗಳು ಸಾಲುಗಟ್ಟಿ ನಿಂತಾಗ, ನೀವು ಊಟಕ್ಕೆಂದು ಮುಚ್ಚಳ ಹಾಕಿದರೆ ಆ ಕಡೆಯವರ ನಮೂದು ನಡುವೆಯೇ ನಿಲ್ಲುತ್ತದೆ. ಅಂಥ ಯಂತ್ರವನ್ನು ಮನೆಗೆ ಒಯ್ಯುವುದೇ ತಪ್ಪು ಎಂದು ಸಾಹುಕಾರರಿಗೆ ನನ್ನ ಹೆಸರಿನಲ್ಲೇ ಹೇಳಿ.

ಈಗ ಭಾವನವರ ಮಾತು. ಅವರು ಹೇಳುವುದಕ್ಕೆ ಆಧಾರವಿಲ್ಲದಿಲ್ಲ, ಕಾಲ ಮಾತ್ರ ಹಿಂದಿನದು. ತಿರುಗುವ ಹಾರ್ಡ್‌ಡಿಸ್ಕ್ ಇದ್ದ ದಿನಗಳಲ್ಲಿ ಮೋಟಾರು ನಿಂತು ಮತ್ತೆ ಶುರುವಾಗುವ ಹೊತ್ತೇ ಅದಕ್ಕೆ ಹೆಚ್ಚು ಶ್ರಮದ್ದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ದಿನಾ ಶಟ್‌ಡೌನ್ ಮಾಡಿದರೆ ನಿಮ್ಮ ಯಂತ್ರಕ್ಕೆ ಏನೂ ಆಗುವುದಿಲ್ಲ. ಆದರೆ ವಿಂಡೋಸ್‌ನಲ್ಲಿ ಶಟ್‌ಡೌನ್ ಎಂದರೆ ಪೂರ್ತಿ ಶಟ್‌ಡೌನ್ ಅಲ್ಲ. ಫಾಸ್ಟ್ ಸ್ಟಾರ್ಟ್‌ಅಪ್ ಎಂಬ ವ್ಯವಸ್ಥೆ ನಿಮ್ಮ ಪ್ರೋಗ್ರಾಂಗಳನ್ನು ಮುಚ್ಚಿ, ವಿಂಡೋಸ್‌ನ ಒಳತಿರುಳನ್ನು ಡಿಸ್ಕ್‌ಗೆ ಬರೆದಿಟ್ಟು ಮಲಗಿಸುತ್ತದೆ. ನಂಬಿಕೆ ಬಾರದಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಸಿಪಿಯು ತೆರೆದು ಅಪ್‌ಟೈಮ್ ನೋಡಿ. ರಾತ್ರಿ ಶಟ್‌ಡೌನ್ ಮಾಡಿ ಬೆಳಿಗ್ಗೆ ಆನ್ ಮಾಡಿದವರಿಗೂ ಅಲ್ಲಿ ಹಲವು ದಿನಗಳ ಲೆಕ್ಕ ಕಾಣುತ್ತದೆ. ಹಟ ಹಿಡಿದ ಡ್ರೈವರ್ ಶಟ್‌ಡೌನ್‌ಗೆ ಬಗ್ಗದೆ ರೀಸ್ಟಾರ್ಟ್‌ಗೆ ಬಗ್ಗುವುದು ಇದರಿಂದಲೇ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತದೆ. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿದ ರಾತ್ರಿಯೂ ಚಾರ್ಜ್ ಇಳಿಯುತ್ತಿದ್ದರೆ ಬಯಾಸ್‌ನಲ್ಲಿ ಆಫ್ ಇದ್ದಾಗಲೂ ಯುಎಸ್‌ಬಿಗೆ ಕರೆಂಟ್ ಕೊಡುವ ಆಯ್ಕೆಯನ್ನು ತೆಗೆಸಿ.

ಎಸ್‌ಎಸ್‌ಡಿ ಸವೆಯುವ ವಿಡಿಯೊ ಪೂರ್ತಿ ಸುಳ್ಳಲ್ಲ, ಆದರೆ ಹೆದರಿಸುವಷ್ಟು ನಿಜವೂ ಅಲ್ಲ. ನಿಮ್ಮ ಯಂತ್ರದಲ್ಲಿ 8 ಜಿಬಿ ರ‍್ಯಾಮ್ ಇದೆ ಎಂದುಕೊಳ್ಳೋಣ. ಹೈಬರ್ನೇಟ್‌ಗೆ ವಿಂಡೋಸ್ ಮೀಸಲಿಡುವ ಜಾಗ ಅದರ ಶೇ 40, ಅಂದರೆ 3 ಜಿಬಿ ಚಿಲ್ಲರೆ. ದಿನಕ್ಕೆ ಎರಡು ಸಲ 3 ಜಿಬಿ ಬರೆದರೂ ವರ್ಷಕ್ಕೆ 2.2 ಟೆರಾಬೈಟ್ (ಒಂದು ಟೆರಾಬೈಟ್ ಎಂದರೆ ಸಾವಿರ ಜಿಬಿ), ಐದು ವರ್ಷಕ್ಕೆ 11. ಸಾಮಾನ್ಯ 256 ಜಿಬಿ ಎಸ್‌ಎಸ್‌ಡಿಗಳಿಗೆ ತಯಾರಕರು ಕೊಡುವ ಒಟ್ಟು ಬರವಣಿಗೆಯ ಮಿತಿ 80ರಿಂದ 150 ಟೆರಾಬೈಟ್. ಎಸ್‌ಎಸ್‌ಡಿ ಸವೆಯುವ ಹೊತ್ತಿಗೆ ಸಾಹುಕಾರರು ಬೇರೆ ಲ್ಯಾಪ್‌ಟಾಪ್ ಕೊಡಿಸಿರುತ್ತಾರೆ.

ಇನ್ನೊಂದು ಬಗೆಯ ವಿಡಿಯೊಗಳಿಗೆ ಮಾತ್ರ ಕಿವಿಗೊಡಬೇಡಿ: ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಒಂದು ಸಾಲು ತಿದ್ದಿ ಹಳೆಯ ಎಸ್3 ನಿದ್ದೆಯನ್ನು ಮರಳಿ ತರುತ್ತೇವೆ ಎನ್ನುವವು. ಥಿಂಕ್‌ಪ್ಯಾಡ್‌ನ ಕೆಲವು ಮಾದರಿಗಳಲ್ಲಿ ತಯಾರಕರೇ ಬಯಾಸ್‌ನಲ್ಲಿ ಆ ಆಯ್ಕೆ ಕೊಟ್ಟಿದ್ದರು, ಇದ್ದರೆ ಬಳಸಿ. ಬಯಾಸ್‌ನಲ್ಲೇ ಇಲ್ಲದ್ದನ್ನು ವಿಂಡೋಸ್‌ನಲ್ಲಿ ತಿದ್ದಿದರೆ ಮಲಗುವ ಆಯ್ಕೆಯೇ ಮಾಯವಾಗುತ್ತದೆ, ಇಲ್ಲವೇ ಮಲಗಿದ್ದು ಏಳುವುದಿಲ್ಲ.

ಬ್ಯಾಟರಿಯನ್ನು ಕೊನೆಗೆ ಇಟ್ಟುಕೊಂಡೆ, ಏಕೆಂದರೆ ಅದನ್ನೂ ಊಹಿಸಬೇಕಿಲ್ಲ. ಅದೇ ಕಪ್ಪು ಕಿಟಕಿಯಲ್ಲಿ ಓರೆಗೆರೆಯ ನಂತರ ‘ಬ್ಯಾಟರಿರಿಪೋರ್ಟ್’ ಎಂದು ಒಂದೇ ಪದವಾಗಿ ಹೊಡೆದರೆ ಎರಡು ಸಂಖ್ಯೆ ಸಿಗುತ್ತವೆ: ಹೊಸದಿದ್ದಾಗಿನ ಸಾಮರ್ಥ್ಯ, ಈಗ ತುಂಬಿದಾಗಿನ ಸಾಮರ್ಥ್ಯ. ಮೊದಲನೆಯದು 45,000 ಮಿಲಿವ್ಯಾಟ್-ಅವರ್ (ಅಂದರೆ 45 ವ್ಯಾಟ್-ಅವರ್) ಇದ್ದು ಎರಡನೆಯದು 36,000 ಇದ್ದರೆ ಶೇ 80 ಉಳಿದಿದೆ, ಎರಡು ವರ್ಷಕ್ಕೆ ಸಹಜ. ಅರ್ಧಕ್ಕೆ ಬಂದಿದ್ದರೆ ಬದಲಿಸುವ ಮಾತಾಡಬಹುದು. ಹಾಗೆ ಬದಲಿಸಿದರೂ ರಾತ್ರಿಯ ಸೋರಿಕೆ ನಿಲ್ಲದು, ಹೊಸ ಬ್ಯಾಟರಿಯನ್ನೇ ತಿನ್ನುತ್ತದೆ. ಆ ವರದಿಯನ್ನು ಪ್ರಿಂಟ್ ತೆಗೆದು ಸಾಹುಕಾರರ ಮುಂದಿಡಿ. ಸಂಖ್ಯೆ ಕಂಡರೆ ಅವರೂ ವಾದಿಸುವುದಿಲ್ಲ.

ನಮ್ಮ ರಾಯಚೂರು ಜಿಲ್ಲೆಯಲ್ಲಿ ಬ್ಯಾಟರಿಯ ನಿಜವಾದ ಶತ್ರು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಲೀಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಲು ಸಾಮಾನ್ಯ ಮಿತಿ 45 ಡಿಗ್ರಿ. ಶೇ 100 ತುಂಬಿದ ಬ್ಯಾಟರಿ ಎಚ್ಚರವಿರುವ ಯಂತ್ರದ ಜೊತೆ ಮುಚ್ಚಿದ ಬ್ಯಾಗಿನಲ್ಲಿ, ಸ್ಕೂಟರ್ ಡಿಕ್ಕಿಯಲ್ಲಿ ಕೂತರೆ ಅದರ ಆಯುಷ್ಯ ಬೇಗ ಇಳಿಯುತ್ತದೆ. ಲ್ಯಾಪ್‌ಟಾಪ್ ಕಂಪನಿಯ ಆ್ಯಪ್ ಅಥವಾ ಬಯಾಸ್‌ನಲ್ಲಿ ಶೇ 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇದ್ದರೆ ಹಾಕಿಡಿ. ಮಿಲ್‌ಗಳ ಲ್ಯಾಪ್‌ಟಾಪ್ ಬಿಚ್ಚಿದರೆ ಫ್ಯಾನಿನ ಹಿಂದೆ, ತಾಮ್ರದ ತೆಳು ಹಲ್ಲುಗಳ ನಡುವೆ ತೌಡಿನ ದೂಳು ಕಂದು ಪದರವಾಗಿ ಗಟ್ಟಿಯಾಗಿ ಕೂತಿರುತ್ತದೆ. ಗಾಳಿ ಹೊರಹೋಗಲು ದಾರಿಯೇ ಇರುವುದಿಲ್ಲ. ವರ್ಷಕ್ಕೊಮ್ಮೆ ಬಿಚ್ಚಿ ತೆಗೆಸಿ, ಬ್ಯಾಟರಿಯ ಬೆಲೆಯ ಮುಂದೆ ಅದರ ಖರ್ಚು ಏನೂ ಅಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಇದಾವುದನ್ನೂ ಮಾಡುತ್ತ ಕೂಡಬೇಡಿ. ಟಚ್‌ಪ್ಯಾಡ್ ಒಂದು ಅಂಚಿನಲ್ಲಿ ಮೇಲೆದ್ದು ಕ್ಲಿಕ್ ಬಿಗಿಯಾಗಿದ್ದರೆ, ಮೇಜಿನ ಮೇಲಿಟ್ಟಾಗ ಲ್ಯಾಪ್‌ಟಾಪ್ ಅಲುಗಾಡಿದರೆ, ಮುಚ್ಚಳ ಸಮವಾಗಿ ಕೂಡದಿದ್ದರೆ ಬ್ಯಾಟರಿ ಉಬ್ಬಿರಬಹುದು. ಆಗ ಚಾರ್ಜರ್ ಹಾಕಬೇಡಿ, ಆಫ್ ಮಾಡಿ, ಒತ್ತಬೇಡಿ, ಚುಚ್ಚಬೇಡಿ. ಮಿಲ್‌ನಲ್ಲಿ ಹೊಟ್ಟು, ಗೋಣಿಚೀಲದ ಹತ್ತಿರ ಇಡಬೇಡಿ. ಅದೇ ದಿನ ಸರ್ವಿಸ್‌ಗೆ ತನ್ನಿ. ಬಿಚ್ಚಿ ತೆಗೆದ ಹಳೆಯ ಬ್ಯಾಟರಿಯನ್ನು ಗುಜರಿಯವರಿಗೆ ಕೊಡದೆ ಸರ್ವಿಸ್‌ನವರ ಬಳಿಯೇ ಬಿಟ್ಟು, ಇ-ತ್ಯಾಜ್ಯಕ್ಕೆ ಕಳಿಸಲು ಹೇಳಿ.